ನಾಡಿ ಹಿಡಿದು ಹೇಳಿದ್ದು, ಪೊಟ್ಟಣ ಕಟ್ಟಿ ಕೊಟ್ಟಿದ್ದು: ಚೀನೀ ವೈದ್ಯದ ಬಗ್ಗೆ ಮೂರು ಪ್ರಶ್ನೆಗಳು

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಹಾಸನದಿಂದ ಬಂದಿರುವ ಅಮ್ಮನಿಗೆ 58 ವರ್ಷ, ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆಯ ಚೀನೀ ಆಂಟಿ ಅವರನ್ನು ತಮ್ಮ ಸಿನ್‌ಸೆ ಹತ್ತಿರ ಕರೆದುಕೊಂಡು ಹೋಗಿದ್ದರು. ಚೀನೀ ವೈದ್ಯರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅವರು ಎರಡೂ ಕೈಯ ನಾಡಿ ಹಿಡಿದು, ನಾಲಿಗೆ ನೋಡಿ, ಅರ್ಧ ಗಂಟೆ ಮಾತಾಡಿಸಿ, "ಗಾಳಿ, ಶೀತ, ತೇವ ಕೀಲಿನಲ್ಲಿ ಕೂತಿವೆ, ಕಿಡ್ನಿಯೂ ವೀಕ್ ಇದೆ" ಎಂದರಂತೆ. ಕುದಿಸಿ ಕುಡಿಯಲು ಏಳು ಪೊಟ್ಟಣ ಬೇರು, ತೊಗಟೆ ಕೊಟ್ಟಿದ್ದಾರೆ. "ನಮ್ಮೂರ ನಾಡಿ ಪಂಡಿತರ ಥರಾನೇ ಕಣೇ, ಮಾತ್ರೆ ಬಿಟ್ಟು ಇದನ್ನೇ ಮಾಡೋಣ" ಅಂತ ಅಮ್ಮನ ಹಟ. ರಕ್ತ ಪರೀಕ್ಷೆ ಇಲ್ಲದೆ ಇದೆಲ್ಲ ಹೇಗೆ ಗೊತ್ತಾಗುತ್ತದೆ? ಕಿಡ್ನಿ ನಿಜಕ್ಕೂ ವೀಕ್ ಆಗಿದೆಯಾ? ಕಷಾಯ ಕೊಡಬಹುದಾ?

ಉತ್ತರ: ಮಿಕ್ಕಿದ್ದನ್ನು ಓದುವ ಮುಂಚೆ ಅಮ್ಮನಿಗೆ ಎರಡು ಮಾತು ಹೇಳಿಬಿಡಿ. ಈ ವಾರದ ಮೆಥೋಟ್ರೆಕ್ಸೇಟ್ ತಪ್ಪಿಸುವುದು ಬೇಡ. ಪೊಟ್ಟಣಗಳನ್ನು ಸದ್ಯಕ್ಕೆ ಕುದಿಸುವುದೂ ಬೇಡ.

ಅಮ್ಮನಿಗೆ ಆ ವೈದ್ಯರು ಯಾಕೆ ಅಷ್ಟು ಹಿಡಿಸಿದರು ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಓಪಿಡಿಯಲ್ಲಿ ಒಬ್ಬರಿಗೆ ಏಳೆಂಟು ನಿಮಿಷ ಸಿಕ್ಕರೆ ಹೆಚ್ಚು. ಅಲ್ಲಿ ಅರ್ಧ ಗಂಟೆ ಕೈ ಹಿಡಿದು ಕೂತು, ನಿದ್ದೆ, ಮಲ, ಬೆವರು, ಬಾಯಾರಿಕೆ ಎಲ್ಲವನ್ನೂ ವಿಚಾರಿಸಿದ್ದಾರೆ. ನೋಡುವುದು, ಆಲಿಸಿ ಮೂಸುವುದು, ಕೇಳುವುದು, ಮುಟ್ಟುವುದು: ಚೀನೀ ವೈದ್ಯದ ನಾಲ್ಕು ಪರೀಕ್ಷೆಗಳು ಇವೇ. ಹತ್ತಾರು ವರ್ಷ ನೋವು ತಿನ್ನುವವರಿಗೆ ಹೀಗೆ ಒಬ್ಬರು ಕೇಳಿಸಿಕೊಳ್ಳುವುದೇ ದೊಡ್ಡ ಸಮಾಧಾನ. ನಾವು ಅಲೋಪತಿಯವರು ಇದನ್ನು ಕಲಿಯಬೇಕು.

ನಾಡಿಯ ವಿಷಯಕ್ಕೆ ಬರೋಣ. ವೈದ್ಯರು ಮಣಿಕಟ್ಟಿನ ಮೇಲೆ ಮೂರು ಬೆರಳು ಸಾಲಾಗಿ ಇಟ್ಟು, ಮೊದಲು ಹಗುರವಾಗಿ, ಆಮೇಲೆ ಒತ್ತಿ ನೋಡಿರುತ್ತಾರೆ. ಎಡಗೈಯ ಮೂರು ಜಾಗ ಹೃದಯ, ಯಕೃತ್ತು, ಮೂತ್ರಪಿಂಡದ್ದು. ಬಲಗೈಯದು ಶ್ವಾಸಕೋಶ, ಗುಲ್ಮ, ಮತ್ತೆ ಮೂತ್ರಪಿಂಡದ್ದು. 16ನೇ ಶತಮಾನದ ಚೀನೀ ವೈದ್ಯ ಲಿ ಷಿಝೆನ್ 27 ಬಗೆಯ ನಾಡಿಗಳನ್ನು ವಿವರಿಸಿದ್ದಾನೆ. ತಟ್ಟೆಯ ಮೇಲೆ ಮುತ್ತು ಉರುಳಿದ ಹಾಗೆ ಜಾರುವ ನಾಡಿ ಒಂದು, ಬಿಗಿದ ತಂತಿಯ ಹಾಗೆ ಬೆರಳಿಗೆ ತಾಕುವುದು ಇನ್ನೊಂದು. ವಾತದ ನಾಡಿ ಹಾವಿನಂತೆ, ಪಿತ್ತದ್ದು ಕಪ್ಪೆಯಂತೆ, ಕಫದ್ದು ಹಂಸದಂತೆ ಎಂದು ಕೇಳಿ ಬೆಳೆದ ನಿಮ್ಮ ಅಮ್ಮನಿಗೆ ಅದು ತವರಿನ ಮಾತಿನ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ರುಮಟಾಯ್ಡ್ ರೋಗದ ವಿಷಯದಲ್ಲೇ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 40 ಮಂದಿ ರುಮಟಾಯ್ಡ್ ರೋಗಿಗಳನ್ನು ಮೂವರು ಚೀನೀ ವೈದ್ಯರು ಒಬ್ಬೊಬ್ಬರೇ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಇಬ್ಬರು ವೈದ್ಯರ ರೋಗನಿರ್ಣಯ ಒಂದಕ್ಕೊಂದು ಹೊಂದಿದ್ದು ಸರಿಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ಅಂದರೆ ಅಮ್ಮ ಮುಂದಿನ ಬೀದಿಯ ಸಿನ್‌ಸೆ ಹತ್ತಿರ ಹೋಗಿದ್ದರೆ ಬೇರೆಯದೇ ಮಾತು, ಬೇರೆಯದೇ ಪೊಟ್ಟಣ ಸಿಗುವ ಸಾಧ್ಯತೆಯೇ ಹೆಚ್ಚಿತ್ತು. ಕೀಲಿನೊಳಗಿನ ಉರಿಯೂತ ಎಷ್ಟಿದೆ, ಮೂಳೆ ಸವೆಯುತ್ತಿದೆಯೇ ಎಂಬುದು ನಾಲಿಗೆಯ ಮೇಲೆ ಕಾಣುವುದಿಲ್ಲ. ಅದಕ್ಕೆ ಸಿಆರ್‌ಪಿ, ಇಎಸ್‌ಆರ್ ಎಂಬ ರಕ್ತ ಪರೀಕ್ಷೆಗಳು, ಎಕ್ಸ್-ರೇ ಬೇಕು. ಬೆಳಿಗ್ಗೆ ಎದ್ದಾಗ ಬೆರಳು ಎಷ್ಟು ಹೊತ್ತು ಬಿಗಿಯಾಗಿರುತ್ತವೆ ಎಂಬ ಲೆಕ್ಕವೂ ಬೇಕು.

"ಗಾಳಿ, ಶೀತ, ತೇವ" ಎಂದದ್ದು ಆ ವೈದ್ಯರ ಸ್ವಂತ ಕಲ್ಪನೆಯಲ್ಲ. ಎರಡು ಸಾವಿರ ವರ್ಷ ಹಳೆಯ 'ಹ್ವಾಂಗ್‌ಡಿ ನೇಯ್‌ಜಿಂಗ್' ಗ್ರಂಥದಲ್ಲೇ, ಈ ಮೂರೂ ಸೇರಿ ದೇಹಕ್ಕೆ ಹೊಕ್ಕರೆ ಕೀಲುನೋವು ಬರುತ್ತದೆ ಎಂದಿದೆ. ಅದಕ್ಕೆ 'ಬೀ' ಎಂದು ಹೆಸರು, ಅಡ್ಡಗಟ್ಟುವುದು ಎಂದು ಅರ್ಥ. ಗಾಳಿ ಹೆಚ್ಚಾದರೆ ನೋವು ಕೀಲಿನಿಂದ ಕೀಲಿಗೆ ಓಡಾಡುತ್ತದೆ, ಶೀತ ಹೆಚ್ಚಾದರೆ ಕಡಿಯುತ್ತದೆ, ತೇವ ಹೆಚ್ಚಾದರೆ ಒಂದೇ ಕಡೆ ಭಾರವಾಗಿ ಕೂರುತ್ತದೆ. ಹೀಗಾಗಿ ನಾವು ಒಂದೇ ಕಾಯಿಲೆ ಎನ್ನುವ ಐದು ಜನರಿಗೆ ಅಲ್ಲಿ ಐದು ಬಗೆಯ ಕಷಾಯ ಸಿಗಬಹುದು.

ಕಿಡ್ನಿಯ ವಿಷಯದಲ್ಲಿ ಗಾಬರಿ ಬೇಡ. ಅವರು 'ಶೆನ್' ಎನ್ನುವುದು ಸ್ಕ್ಯಾನಿಂಗ್‌ನಲ್ಲಿ ಕಾಣುವ ಮೂತ್ರಪಿಂಡವೊಂದೇ ಅಲ್ಲ. ಬೆಳವಣಿಗೆ, ಸಂತಾನ ಶಕ್ತಿ, ಮೂಳೆಯ ಗಟ್ಟಿತನ, ಕಿವಿಯ ಚುರುಕು ಎಲ್ಲವನ್ನೂ ಅದರ ಲೆಕ್ಕಕ್ಕೇ ಸೇರಿಸುತ್ತಾರೆ. ವಯಸ್ಸಾದ ಯಾರಿಗೇ ಆದರೂ ಹೀಗೆ ಹೇಳುವುದುಂಟು. ಹಾಗಂತ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬಿಡುವ ಹಾಗಿಲ್ಲ. ಮೆಥೋಟ್ರೆಕ್ಸೇಟ್ ದೇಹದಿಂದ ಹೊರಹೋಗುವುದೇ ಮೂತ್ರಪಿಂಡದ ಮೂಲಕ. ಕಿಡ್ನಿ ಸೋತರೆ ಔಷಧಿ ರಕ್ತದಲ್ಲೇ ಉಳಿದು ರಕ್ತ ತಯಾರಾಗುವ ಮೂಳೆಮಜ್ಜೆಗೆ ಪೆಟ್ಟು ಕೊಡುತ್ತದೆ. ನನ್ನ ನಿಜವಾದ ಆತಂಕ ಇರುವುದು ಇಲ್ಲೇ.

ಕೀಲುನೋವಿಗೆ ಕೊಡುವ ಚೀನೀ ಮೂಲಿಕೆಗಳಲ್ಲಿ 'ಫಾಂಗ್‌ಜೀ' ಎಂಬುದೊಂದು ಬೇರು. ಇದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿದ್ದವು: ಹಾನ್ ಫಾಂಗ್‌ಜೀ, ಗ್ವಾಂಗ್ ಫಾಂಗ್‌ಜೀ. ಎರಡನೆಯದು ಅರಿಸ್ಟೊಲೋಕಿಯ ಜಾತಿಯದು, ಅದರಲ್ಲಿ ಕಿಡ್ನಿ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲವಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆಗೆ ಮೊದಲನೆಯದರ ಬದಲು ಈ ಎರಡನೆಯದು ಬೆರೆಯಿತು. ಮಾತ್ರೆ ತಿಂದ ಹೆಂಗಸರ ಕಿಡ್ನಿಗಳು ಕೆಲವೇ ತಿಂಗಳಲ್ಲಿ ಒಣಗಿ ಕುಗ್ಗಿದವು. ಕೊನೆಗೆ ನೂರಕ್ಕೂ ಹೆಚ್ಚು ಪ್ರಕರಣ ಹೊರಬಂದವು. ಪೂರ್ತಿ ಕೆಟ್ಟ ಕಿಡ್ನಿ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರನಾಳದ ಕ್ಯಾನ್ಸರ್ ಕಂಡಿತು. ನಮ್ಮ ಕಾಡಿನ ಈಶ್ವರಿ ಬಳ್ಳಿಯೂ ಇದೇ ಜಾತಿ, ಅದರಲ್ಲೂ ಅದೇ ಅರಿಸ್ಟೊಲೋಕಿಕ್ ಆಮ್ಲ. ಕರ್ನಾಟಕದ ರಾಜ್ಯ ಚಿಟ್ಟೆಯ ಮರಿಹುಳು ಆ ಬಳ್ಳಿಯ ಎಲೆ ತಿಂದು, ಹಕ್ಕಿಗಳು ತನ್ನನ್ನು ಮುಟ್ಟದಂತೆ ಆ ವಿಷವನ್ನೇ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹುಳುವಿಗೆ ರಕ್ಷಣೆ, ಮನುಷ್ಯನ ಕಿಡ್ನಿಗೆ ಮೃತ್ಯು. ಹಾವು ಕಡಿತಕ್ಕೆ, ಜ್ವರಕ್ಕೆ ಎಂದು ಇವತ್ತಿಗೂ ಅದರ ಬೇರು ತೇಯ್ದು ಕುಡಿಸುವವರು ದಯವಿಟ್ಟು ನಿಲ್ಲಿಸಿ.

'ಶೀತ'ದ ನೋವಿಗೆ ಕೊಡುವ ಚುವಾನ್‌ವು, ಫೂಝಿ ಎಂಬ ಬೇರುಗಳು ನಮ್ಮ ವಿಷಗಿಡ ವತ್ಸನಾಭಿಯ ದಾಯಾದಿಗಳು. ಸಂಸ್ಕರಿಸಿದ ಬೇರನ್ನು ಬಹಳ ಹೊತ್ತು ಕುದಿಸಿದರಷ್ಟೇ ವಿಷ ಇಳಿಯುತ್ತದೆ. ಅವಸರದಲ್ಲಿ ಒಲೆಯಿಂದ ಇಳಿಸಿದ ಕಷಾಯ ಕುಡಿದರೆ ಮೊದಲು ತುಟಿ, ನಾಲಿಗೆ ಜುಮುಜುಮು ಎನ್ನುತ್ತದೆ, ಆಮೇಲೆ ಎದೆಬಡಿತ ತಾಳ ತಪ್ಪುತ್ತದೆ. ಬಹುಪಾಲು ಕಷಾಯಗಳಿಗೆ ಬೀಳುವ ಅತಿಮಧುರ ಕೂಡ ವಾರಗಟ್ಟಲೆ ಕುಡಿದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಹಾಗಾದರೆ ಚೀನೀ ಮೂಲಿಕೆಗಳಲ್ಲಿ ಸಂಧಿವಾತಕ್ಕೆ ಕೆಲಸ ಮಾಡುವಂಥದ್ದು ಇಲ್ಲವೇ? ಒಂದಿದೆ, ಅದನ್ನು ಮುಚ್ಚಿಡುವುದು ತಪ್ಪು. ಲೇಯ್‌ಗೊಂಗ್‌ಟೆಂಗ್, ಗುಡುಗುದೇವನ ಬಳ್ಳಿ ಎಂದು ಅರ್ಥ. ಚೀನಾದಲ್ಲಿ 207 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಮೆಥೋಟ್ರೆಕ್ಸೇಟ್ ಜೊತೆ ಹೋಲಿಸಿದರು. ಆರು ತಿಂಗಳಿಗೆ ರೋಗ ಅರ್ಧಕ್ಕರ್ಧ ತಗ್ಗಿದ್ದು ಮೆಥೋಟ್ರೆಕ್ಸೇಟ್ ಒಂದೇ ತೆಗೆದುಕೊಂಡವರಲ್ಲಿ ಶೇ 46ರಷ್ಟು, ಬಳ್ಳಿಯ ಮಾತ್ರೆ ಒಂದೇ ತೆಗೆದುಕೊಂಡವರಲ್ಲಿ ಶೇ 55ರಷ್ಟು, ಎರಡನ್ನೂ ತೆಗೆದುಕೊಂಡವರಲ್ಲಿ ಶೇ 77ರಷ್ಟು ಜನರಿಗೆ. ಯಾರಿಗೆ ಯಾವ ಮಾತ್ರೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು ಎಂಬುದು ಆ ಅಧ್ಯಯನದ ಕೊರತೆ, ಆದರೂ ತಳ್ಳಿಹಾಕುವಂಥ ಫಲಿತಾಂಶವಲ್ಲ. ಆದರೆ ಅದು ಅಳತೆ ಮಾಡಿ ತೆಗೆದ ಸಾರದ ಮಾತ್ರೆ, ಮಡಕೆಯಲ್ಲಿ ಕುದಿಸಿದ ಬೇರಲ್ಲ. ಬಳ್ಳಿಯ ತೊಗಟೆ, ಎಲೆ ಕಡು ವಿಷ. ಮಾತ್ರೆಯಿಂದಲೂ ಹೆಂಗಸರ ಮುಟ್ಟು ನಿಲ್ಲಬಹುದು, ಗಂಡಸರ ವೀರ್ಯಾಣು ಕುಸಿಯಬಹುದು, ಯಕೃತ್ತಿಗೆ ಪೆಟ್ಟು ಬೀಳಬಹುದು. ಮಕ್ಕಳು ಬೇಕೆನ್ನುವ ವಯಸ್ಸಿನವರು ಅದರ ಹತ್ತಿರ ಸುಳಿಯಬಾರದು.

ಈಗ ನೀವು ಮಾಡಬೇಕಾದ್ದು ಇಷ್ಟು. ಪೊಟ್ಟಣ ಹಿಡಿದು ಆ ವೈದ್ಯರ ಹತ್ತಿರವೇ ಹೋಗಿ, ಪ್ರತಿಯೊಂದು ಮೂಲಿಕೆಯ ಹೆಸರು, ತೂಕ ಬರೆಸಿಕೊಳ್ಳಿ. ಸಿಂಗಪುರದಲ್ಲಿ 2000ದ ಕಾಯ್ದೆಯಂತೆ ಚೀನೀ ವೈದ್ಯರು ನೋಂದಣಿ ಮಾಡಿಸಿರಬೇಕು, ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಅಮ್ಮ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವುದನ್ನು ಅವರಿಗೆ ತಿಳಿಸಿ. ಆ ಚೀಟಿಯನ್ನು ಕೀಲುರೋಗ ತಜ್ಞರಿಗೆ ತೋರಿಸಿ. ಬಹುಶಃ ಅವರು ಕಷಾಯ ಬೇಡ ಎನ್ನುತ್ತಾರೆ. ಮೆಥೋಟ್ರೆಕ್ಸೇಟ್ ಇರುವಾಗ ನಾನೂ ಬೇಡ ಎಂದೇ ಹೇಳುತ್ತೇನೆ.

ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಅಮ್ಮ ಕೇಳಿದರೆ ಇದನ್ನು ಹೇಳಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ತಾಯಿ ಯಾರದೋ ಪುಡಿ ನಂಬಿ ಐದು ತಿಂಗಳು ಮಾತ್ರೆ ಬಿಟ್ಟಿದ್ದರು. ಮೊದಲ ತಿಂಗಳು ಹಾಯಾಗಿದ್ದರಂತೆ. ತಿರುಗಿ ಬಂದಾಗ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ರವಿಕೆಯ ಹುಕ್ಕನ್ನು ಮಗಳೇ ಹಾಕಬೇಕಾಗಿತ್ತು. ಮತ್ತೆ ಮಾತ್ರೆ ಶುರು ಮಾಡಿದ ಮೇಲೆ ನೋವು ಇಳಿಯಿತು, ವಾಲಿದ ಬೆರಳು ನೆಟ್ಟಗಾಗಲಿಲ್ಲ.

ಪ್ರಶ್ನೆ: ಮೂರು ವರ್ಷದಿಂದ ಸೊಂಟನೋವು. ಎಂಆರ್‌ಐನಲ್ಲಿ ಅಂಥದ್ದೇನೂ ಇಲ್ಲ ಎಂದರು. ಹುಬ್ಬಳ್ಳಿಯಲ್ಲಿ ಗೆಳೆಯರೊಬ್ಬರು ಆಕ್ಯುಪಂಕ್ಚರ್ ಮಾಡಿಸಿಕೊಳ್ಳಿ ಎನ್ನುತ್ತಿದ್ದಾರೆ. ಸೂಜಿ ಚುಚ್ಚಿದರೆ ನೋವು ಹೋಗುತ್ತದಾ ಸರ್?

ಉತ್ತರ: 'ಸರ್' ಎಂದು ಬರೆದಿದ್ದೀರಿ, ನಾನು ಹೆಂಗಸು, ಇರಲಿ. ಸೂಜಿ ಚಿಕಿತ್ಸೆ ನಮ್ಮ ದೇಶಕ್ಕೆ ಬಂದದ್ದರ ಹಿಂದೆ ಒಂದು ಗೆಳೆತನವಿದೆ. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಐವರು ವೈದ್ಯರು ಹೋದರು. ಸೊಲ್ಲಾಪುರದ ಡಾ. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು ಮುಂದೆ ಚೀನಾದಲ್ಲಿ ಆಕ್ಯುಪಂಕ್ಚರ್ ಕಲಿತು ಕೋಲ್ಕತ್ತಾಕ್ಕೆ ತಂದರು.

ನಿಮ್ಮ ಪ್ರಶ್ನೆಗೆ ಜರ್ಮನಿಯ ಒಂದು ದೊಡ್ಡ ಅಧ್ಯಯನ ನೇರವಾಗಿ ಉತ್ತರಿಸುತ್ತದೆ. ಬಹುಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಶಾಸ್ತ್ರದ ಬಿಂದುಗಳಲ್ಲೇ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಜಾಗದಲ್ಲಿ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಮಾಮೂಲಿ ಔಷಧಿ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಕ್ರಮವಾಗಿ ಶೇ 47.6, 44.2, 27.4. ಅಂದರೆ ಸೂಜಿಯಿಂದ ಉಪಯೋಗವಿದೆ, ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಚುಚ್ಚುವಿಕೆ, ಮಲಗಿ ಪಡೆಯುವ ವಿಶ್ರಾಂತಿ, ವಾಸಿಯಾಗುತ್ತದೆ ಎಂಬ ನಿರೀಕ್ಷೆ ಎಲ್ಲವೂ ಸೇರಿ ಮಿದುಳು ನೋವನ್ನು ತಗ್ಗಿಸುತ್ತಿರಬಹುದು ಎಂದು ನಾನು ತಿಳಿದಿದ್ದೇನೆ. ನೋವು ತಗ್ಗಿದರೆ ಸಾಕು ಎನ್ನುವ ನಿಮಗೆ ಅದು ಸಣ್ಣ ಮಾತಲ್ಲ.

ಮಾಡಿಸಿಕೊಳ್ಳಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಭುಜದ ಮೇಲೆ, ಪಕ್ಕೆಲುಬಿನ ನಡುವೆ ಆಳವಾಗಿ ಚುಚ್ಚಲು ಬಿಡಬೇಡಿ. ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತು ಬಿದ್ದದ್ದುಂಟು. ಎಂಟು ಹತ್ತು ಸಲಕ್ಕೂ ಏನೂ ಅನ್ನಿಸದಿದ್ದರೆ ನಿಲ್ಲಿಸಿ, ಆ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ. ನಡುವೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಣ್ಣನಿಗೆ ಸಕ್ಕರೆ ಕಾಯಿಲೆ. ಆನ್‌ಲೈನ್‌ನಲ್ಲಿ ತರಿಸಿದ ಚೀನೀ ಗಿಡಮೂಲಿಕೆ ಕ್ಯಾಪ್ಸೂಲ್ ತಗೊಂಡು ನಾಲ್ಕೇ ದಿನಕ್ಕೆ ಶುಗರ್ 280ರಿಂದ 90ಕ್ಕೆ ಬಂತು. ಸೈಡ್ ಎಫೆಕ್ಟ್ ಇಲ್ಲ ಎಂದು ಬರೆದಿದೆ. ಮುಂದುವರಿಸಬಹುದಾ?

ಉತ್ತರ: ಇವತ್ತೇ ನಿಲ್ಲಿಸಿ. ನಾಲ್ಕು ದಿನದಲ್ಲಿ ಅಷ್ಟು ಇಳಿದಿದೆ ಎಂದರೆ ಅದರೊಳಗೆ ಅಲೋಪತಿಯ ಶುಗರ್ ಮಾತ್ರೆಯನ್ನೇ ಪುಡಿ ಮಾಡಿ ಸೇರಿಸಿದ್ದಾರೆ ಎಂಬ ಅನುಮಾನ ನನಗೆ ಬಲವಾಗಿದೆ. 2008ರಲ್ಲಿ ಸಿಂಗಪುರದಲ್ಲಿ ಲೈಂಗಿಕ ಶಕ್ತಿಯ ಹೆಸರಿನಲ್ಲಿ ಕದ್ದು ಮಾರಿದ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಇಳಿಸುವ ಔಷಧಿ ಸಿಕ್ಕಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ ಸುಮಾರು 150 ಮಂದಿ ಶುಗರ್ ಕುಸಿದು ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ಅಣ್ಣ ಡಾಕ್ಟರು ಕೊಟ್ಟ ಮಾತ್ರೆಯನ್ನೂ ಜೊತೆಗೆ ತಗೊಳ್ಳುತ್ತಿದ್ದರೆ ಅಪಾಯ ಇಮ್ಮಡಿ. ಗ್ಲಿಬೆನ್‌ಕ್ಲಮೈಡ್ ಪರಿಣಾಮ ಒಂದು ದಿನಕ್ಕೂ ಹೆಚ್ಚು ಇರಬಹುದು, ಆದ್ದರಿಂದ ಇವತ್ತು, ನಾಳೆ ಎರಡು ರಾತ್ರಿ ಅವರನ್ನು ಒಬ್ಬರನ್ನೇ ಮಲಗಲು ಬಿಡಬೇಡಿ. ರಾತ್ರಿ ಎರಡು ಗಂಟೆಗೊಮ್ಮೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಕ್ಯಾಪ್ಸೂಲ್ ಡಬ್ಬಿ ಎಸೆಯಬೇಡಿ, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ.