ಕೈಯೆತ್ತುವ ಮುಂಚೆ ಇಪ್ಪತ್ತು ಪುಟ

ಪ್ರಶ್ನೆ: ಮೇಡಂ, ಈ ಬೇಸಿಗೆಯಲ್ಲಿ ಮೂರು ದಿನದ ಸಾಹಿತ್ಯೋತ್ಸವಕ್ಕೆ ಹೋಗುತ್ತಿದ್ದೇನೆ. ನಾನು ತುಂಬಾ ಮೆಚ್ಚಿಕೊಂಡ ಕಾದಂಬರಿಕಾರ್ತಿಯೊಬ್ಬರ ಮಾತುಕತೆ ಇದೆ. ಹೋದ ವರ್ಷ ಇಂಥದ್ದೇ ಒಂದು ಗೋಷ್ಠಿಯಲ್ಲಿ ಕೇಳಬೇಕು ಅಂತ ಕೂತಿದ್ದೆ, ಕೈ ಮಾತ್ರ ಮೇಲೇಳಲಿಲ್ಲ. ದಡ್ಡ ಪ್ರಶ್ನೆ ಅಂದುಕೊಂಡುಬಿಟ್ಟರೆ ಅನ್ನುವ ಭಯ. ಈ ಸಲ ಹೇಗೆ ತಯಾರಾಗಲಿ?

ಉತ್ತರ: ನಿಮ್ಮ ಭಯ ನನಗೆ ಹತ್ತಿರದಿಂದ ಗೊತ್ತು. ಆರು ಬೇಸಿಗೆ ನಾನು ಸಾಹಿತ್ಯೋತ್ಸವದಲ್ಲಿ ಸ್ವಯಂಸೇವಕಿಯಾಗಿ ಮೈಕ್ ಹಿಡಿದು ಸಭಿಕರ ನಡುವೆ ಓಡಾಡಿದ್ದೇನೆ. ಮೈಕ್ ಕೈಗೆ ಕೊಡುವಾಗ ಅವರ ಬೆರಳು ನನ್ನ ಬೆರಳಿಗೆ ತಾಗುತ್ತದೆ. ಎಂಥಾ ಸೆಕೆಯಲ್ಲೂ ಆ ಬೆರಳು ತಣ್ಣಗಿರುತ್ತದೆ. ಹತ್ತಾರು ಪುಸ್ತಕ ಬರೆದವರು ಸಭಿಕರಲ್ಲಿ ಕೂತು ಪ್ರಶ್ನೆ ಕೇಳುವಾಗಲೂ ಅಷ್ಟೇ. ಹಾಗಾಗಿ ಭಯ ಹೋಗಲಿ ಅಂತ ಕಾಯಬೇಡಿ.

ಒಂದು ಸಂಜೆ ನೆನಪಾಗುತ್ತದೆ. ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಕೈಯೆತ್ತಿದಳು. ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದುಕೊಂಡಿದ್ದಳು. ಮಡಚಿ ಮಡಚಿ ಆ ಹಾಳೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅದನ್ನೇ ಓದಿದಳು: "ಮೂರನೇ ಅಧ್ಯಾಯದಲ್ಲಿ ಅಜ್ಜಿ ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡ್ತಾಳೆ. ಯಾಕೆ?" ಅಷ್ಟೇ. ಅಲ್ಲಿವರೆಗೆ ಅರ್ಧ ಗಂಟೆ ಎಲ್ಲ ಕಡೆ ಹೇಳುವ ಮಾತನ್ನೇ ಹೇಳುತ್ತಿದ್ದ ಲೇಖಕರು ಸುಮ್ಮನಾದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲ ಕರಡಿನಲ್ಲಿ ಅವಳು ವಾಪಸ್ ಬರೋದೇ ಇಲ್ಲ. ಆ ಸಾಲು ಸೇರಿಸಿದ ದಿನ ನನಗೆ ಅವಳು ಅರ್ಥವಾದಳು" ಅಂದರು. ಆಮೇಲೆ ಹತ್ತು ನಿಮಿಷ ಆ ಮನೆ ಬಗ್ಗೆ, ಮತ್ತೆ ಆ ಮನೆಗೆ ಬರಲಾರೆ ಅಂತ ಗೊತ್ತಿದ್ದೂ ಬೀಗ ಹಾಕುವ ಹೆಂಗಸಿನ ಬಗ್ಗೆ ಮಾತಾಡಿದರು. ಮೈಕ್ ವಾಪಸ್ ತೆಗೆದುಕೊಳ್ಳೋದನ್ನೇ ಮರೆತು ನಾನು ಆ ಹುಡುಗಿಯ ಪಕ್ಕದಲ್ಲೇ ನಿಂತುಬಿಟ್ಟಿದ್ದೆ.

ಆರು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದನ್ನೇ. ಪ್ರಶ್ನೆ ಲೇಖಕರ ಮೇಲಲ್ಲ, ಪುಟದ ಮೇಲಿರಬೇಕು. "ನಿಮಗೆ ಸ್ಫೂರ್ತಿ ಯಾರು?", "ದಿನಕ್ಕೆ ಎಷ್ಟು ಹೊತ್ತು ಬರೀತೀರಿ?" ಅಂದರೆ ಅವರ ಹತ್ತಿರ ಉತ್ತರ ಮೊದಲೇ ತಯಾರಿರುತ್ತದೆ. ಅದು ಅವರ ತಪ್ಪಲ್ಲ, ನೂರು ಸಲ ಕೇಳಿದ್ದಾರೆ, ನೂರು ಸಲ ಹೇಳಿದ್ದಾರೆ. ಬೀಗದ ಬಗ್ಗೆ ಮಾತ್ರ ಯಾರೂ ಕೇಳಿರಲಿಲ್ಲ.

ಇಡೀ ಪುಸ್ತಕ ಮತ್ತೆ ಓದಬೇಕಾಗಿಲ್ಲ. ನಿಮಗೆ ಇಷ್ಟವಾದ ಒಂದು ಭಾಗ, ಇಪ್ಪತ್ತು ಪುಟ ಸಾಕು. ಹಿಂದಿನ ರಾತ್ರಿ ನಿಧಾನವಾಗಿ ಓದಿ. ಎಲ್ಲಿ "ಇದೇನಿದು?" ಅನ್ನಿಸಿತೋ ಅಲ್ಲೊಂದು ಗುರುತು ಹಾಕಿ. ಅದನ್ನೇ ಒಂದು ವಾಕ್ಯದ ಪ್ರಶ್ನೆ ಮಾಡಿ ಬರೆದುಕೊಂಡು, ಗಟ್ಟಿಯಾಗಿ ಓದಿ ನೋಡಿ. ಒಂದೇ ಉಸಿರಿಗೆ ಮುಗಿಯದಿದ್ದರೆ ಕತ್ತರಿಸಿ. ಚೀಟಿ ನೋಡಿಕೊಂಡು ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಚೀಟಿ ಇಲ್ಲದೆ ಎದ್ದವರೇ ಜಾಸ್ತಿ ದಾರಿ ತಪ್ಪುವುದು. ಎರಡು ನಿಮಿಷ ಮಾತಾಡಿ, ಕೊನೆಗೆ "ಇದರ ಬಗ್ಗೆ ನಿಮ್ಮ ಅಭಿಪ್ರಾಯ?" ಅಂತ ಕೂತುಬಿಡುತ್ತಾರೆ.

ಮೈಕ್ ಹಿಡಿದವಳಾಗಿ ಇನ್ನೊಂದು ಮಾತು. ನಡುದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. "ಈಗ ಪ್ರಶ್ನೆ ಕೇಳಬಹುದು" ಅಂದ ಕೂಡಲೇ ಸಭೆಯಲ್ಲಿ ಐದಾರು ಸೆಕೆಂಡು ಯಾರೂ ಅಲುಗಾಡುವುದಿಲ್ಲ. ಆಗಲೇ ಎತ್ತಿದ ಕೈಗೆ ಮೈಕ್ ಖಂಡಿತ ಬರುತ್ತದೆ. ಕೊನೆಯ ಐದು ನಿಮಿಷದಲ್ಲಿ ಹತ್ತು ಕೈ ಏಳುತ್ತವೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಎಷ್ಟೋ ಜನ ಬೇಜಾರು ಮಾಡಿಕೊಂಡು ಕೈ ಇಳಿಸಿದ್ದನ್ನು ನೋಡಿದ್ದೇನೆ.

ಪ್ರಶ್ನೆ: ಮೂರ್ನಾಲ್ಕು ವೇದಿಕೆಗಳಲ್ಲಿ ಒಂದೇ ಹೊತ್ತಿಗೆ ಗೋಷ್ಠಿ ಇಟ್ಟಿರುತ್ತಾರೆ. ಯಾವುದಕ್ಕೆ ಹೋಗೋದು?

ಉತ್ತರ: ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ನಡುವೆ ಒಂದು ಗಂಟೆ ಖಾಲಿ ಬಿಡಿ, ಕೇಳಿದ್ದು ಒಳಗಿಳಿಯಬೇಕಲ್ವಾ? ಕಾರ್ಯಕ್ರಮ ಪಟ್ಟಿಯಲ್ಲಿ ಲೇಖಕರ ಹೆಸರಿನ ಕೆಳಗೆ ಸಂವಾದ ನಡೆಸಿಕೊಡುವವರ ಹೆಸರಿರುತ್ತದೆ. ಅದನ್ನೂ ನೋಡಿ ಆರಿಸಿಕೊಳ್ಳಿ. ಒಂದು ಗಂಟೆಯ ಗೋಷ್ಠಿಯಲ್ಲಿ ನಡೆಸಿಕೊಡುವವರೇ ಅರ್ಧ ಗಂಟೆ ಮಾತಾಡಿ, ದೂರದಿಂದ ಬಂದಿದ್ದ ಕವಿಗೆ ಒಂದೇ ಒಂದು ಪದ್ಯ ಓದಲು ಬಿಟ್ಟದ್ದನ್ನು ನೋಡಿದ್ದೇನೆ. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ. ಪುಸ್ತಕವನ್ನು ಪ್ರೀತಿಯಿಂದ ಓದಿ ಬಂದವರು ಎದುರಿಗಿದ್ದರೆ, ಹೊಸ ಲೇಖಕರ ಗೋಷ್ಠಿಯೂ ಕಳೆಗಟ್ಟುತ್ತದೆ.

ಪ್ರಶ್ನೆ: ಲೇಖಕರ ಕೆಲಸ ಬರೆಯುವುದು. ಅವರನ್ನು ವೇದಿಕೆ ಮೇಲೆ ಕೂರಿಸಿ ಮಾತಾಡಿಸುವುದು ಈಗಿನ ಪ್ರಚಾರದ ಗೀಳಲ್ಲವೇ?

ಉತ್ತರ: ಈಗಿನದಲ್ಲ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಿಂದ ಟಿಕೆಟ್ ಇಟ್ಟು ತಮ್ಮ ಕಥೆಗಳನ್ನು ಓದುತ್ತಿದ್ದರು. ಅದಕ್ಕೆಂದೇ ಬೇರೆ ಪ್ರತಿ ಮಾಡಿಸಿಕೊಂಡು, ಸಾಲುಗಳನ್ನು ಹೊಡೆದುಹಾಕಿ, ಹೇಗೆ ಓದಬೇಕು ಅಂತ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. ಕೊನೆಯ ಓದು 1870ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ತೀರಿಕೊಂಡರು. ಆರೋಗ್ಯ ಕೆಟ್ಟರೂ ಅವರು ಓದು ಬಿಡಲಿಲ್ಲ. ಅದನ್ನು ಬರೀ ಪ್ರಚಾರ ಅನ್ನಲು ನನಗೆ ಮನಸ್ಸಾಗುವುದಿಲ್ಲ. ತಾನು ಬರೆದದ್ದು ಎದುರಿಗಿದ್ದವರ ಮುಖದ ಮೇಲೆ ಮೂಡುವುದನ್ನು ನೋಡುವ ಆಸೆಯೂ ಅಲ್ಲಿತ್ತು ಅನ್ನಿಸುತ್ತದೆ.

ಇವತ್ತಿನ ಬೇಸಿಗೆ ಉತ್ಸವಗಳಲ್ಲಿ ದೊಡ್ಡ ಹೆಸರು ಸ್ಕಾಟ್ಲೆಂಡಿನ ಎಡಿನ್‌ಬರೋದ್ದು. ಅದು 1983ರಲ್ಲಿ ಶುರುವಾಯಿತು. ಹಳೆ ಪುಸ್ತಕದಂಗಡಿಗಳಿಗೆ ಹೆಸರಾದ ವೇಲ್ಸ್‌ನ ಪುಟ್ಟ ಊರು ಹೇ-ಆನ್-ವೈಯಲ್ಲಿ 1988ರಲ್ಲಿ ಹೇ ಉತ್ಸವ ಶುರುವಾಯಿತು. ಡಿಕನ್ಸ್ ಕಾಲದಲ್ಲಿ ಜನ ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಈಗ ಓದುಗರಿಗೂ ಮೈಕ್ ಸಿಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಪ್ರಶ್ನೆ: ಅನುವಾದಕರು ಜೊತೆಗೆ ಕೂತಿದ್ದರೆ ಅವರನ್ನೂ ಕೇಳಬಹುದೇ?

ಉತ್ತರ: ಕೇಳಲೇಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಆ ಹಣದಲ್ಲಿ ಸರಿಯಾಗಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದ್ದು. ಆ ಬಹುಮಾನದ ನಿಯಮವೇ ಹಾಗಿದೆ. ದೀಪಾ ಅವರು ಇಂಗ್ಲಿಷ್ ಪುಟದಲ್ಲಿ ಉಳಿಸಿಕೊಂಡ ಕನ್ನಡದ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಇಂಥ ಒಂದು ನಿರ್ಧಾರದ ಬಗ್ಗೆ ಕೇಳಿದರೆ ಇಡೀ ಗೋಷ್ಠಿಯ ದಿಕ್ಕೇ ಬದಲಾಗುತ್ತದೆ. "ಯಾವ ಪದಕ್ಕೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು?" ಅಂತ ಕೇಳಿ ನೋಡಿ.

ಪ್ರಶ್ನೆ: ಸಹಿ ಹಾಕಿಸಿಕೊಳ್ಳುವಾಗ ಏನು ಮಾತಾಡಬೇಕು?

ಉತ್ತರ: ನಿಮ್ಮ ಹೆಸರನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಶೀರ್ಷಿಕೆ ಪುಟದಲ್ಲಿ ಇಟ್ಟಿರಿ. ಸಾಲು ಉದ್ದ ಇರುತ್ತದೆ, ನಿಮಗೆ ಸಿಗುವುದು ಅರ್ಧ ನಿಮಿಷ. ಕೇಳಲಾಗದೆ ಉಳಿದ ಪ್ರಶ್ನೆಯನ್ನು ಆಗ ಕೇಳಬೇಡಿ. ಯಾವ ಪುಟದಲ್ಲಿ ಓದು ನಿಲ್ಲಿಸಿ ಪುಸ್ತಕ ಮಡಚಿ ಸುಮ್ಮನೆ ಕೂತಿರಿ, ಅದನ್ನು ಹೇಳಿ.