ಕಸದ ಗಾಡಿ ಹೋದ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡುತ್ತೇವೆ. ಬೀದಿ ಕೊನೆಯಲ್ಲಿ ಎರಡನ್ನೂ ಒಂದೇ ಲಾರಿಗೆ ಸುರಿಯುವುದನ್ನು ಕಂಡಿದ್ದೇವೆ. ಹಾಗಾದರೆ ಬೇರೆ ಮಾಡಿ ಏನು ಬಂತು?

ಉತ್ತರ: ಎರಡನ್ನೂ ಬೆರೆಸಿದ್ದರೆ ಅದು ತಪ್ಪು. ಗಾಡಿ ನಂಬರ್, ಸಮಯ, ಜಾಗ ಬರೆದು ದೂರು ಕೊಡಿ. ಆದರೆ ಮೊದಲು ಆಟೋ ಟಿಪ್ಪರಿನ ಪಕ್ಕಕ್ಕೆ ಕಟ್ಟಿದ ಚೀಲಗಳನ್ನು ನೋಡಿ. ಒಣ ಕಸ ಅದರಲ್ಲಿದ್ದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗುತ್ತದೆ, ತೊಟ್ಟಿಯಲ್ಲಿರುವುದು ಮಾತ್ರ ಕಾಂಪ್ಯಾಕ್ಟರ್ ಲಾರಿಗೆ. ಕಾಂಪ್ಯಾಕ್ಟರ್ ಕಸವನ್ನು ಒತ್ತಿ ಹಿಂಡುತ್ತದೆ. ಅದರೊಳಗೆ ಸಿಕ್ಕ ಕಾಗದ, ರಟ್ಟು ಕೊಳೆರಸ ಹೀರಿ ಕೆಲಸಕ್ಕೆ ಬಾರದಂತಾಗುತ್ತವೆ. ಗೊಬ್ಬರದ ಘಟಕದಲ್ಲಿ ಎಷ್ಟೇ ಜರಡಿ ಹಿಡಿದರೂ ಗಾಜಿನ ಚೂರು, ಪ್ಲಾಸ್ಟಿಕ್ ತುಣುಕು ಉಳಿದೇ ಉಳಿಯುತ್ತವೆ. ಅಂಥ ಗೊಬ್ಬರ ಬೇಡವೆನ್ನುವ ರೈತರದು ನ್ಯಾಯವಾದ ಮಾತು. ಬೆರೆತ ಕಸದಲ್ಲಿ ಹೆಚ್ಚಿನ ಪಾಲು ಸೇರುವುದು ಹಳ್ಳಿಗಳ ಮಗ್ಗುಲಿಗೆ. ಜನರ ಹೋರಾಟದಿಂದ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಕಸ ಹೋಗುವುದು ನಿಂತಿತು. ಆಮೇಲೆ ಅದು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳಿಗೆ ಹೋಯಿತು.

ಪ್ರಶ್ನೆ: ಹಸಿ ಕಸ ಗೊಬ್ಬರವಾಗಲು ಎಷ್ಟು ದಿನ ಬೇಕು? ಘಟಕದ ಸುತ್ತ ಅಷ್ಟೊಂದು ನಾತ ಯಾಕೆ?

ಉತ್ತರ: ಉದ್ದುದ್ದ ರಾಶಿ ಹಾಕಿ ವಾರಕ್ಕೊಮ್ಮೆ ಮಗುಚಿದರೆ ಐದಾರು ವಾರದಲ್ಲಿ ಕೊಳೆಯುವ ಹಂತ ಮುಗಿಯುತ್ತದೆ. ಮಾಗಲು ಇನ್ನೂ ಕೆಲವು ವಾರ ಬೇಕು. ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಇರಬೇಕು, ರೋಗಾಣು ಮತ್ತು ಕಳೆ ಬೀಜ ಸಾಯುವುದು ಆಗಲೇ. ಕೊನೆಗೆ 4 ಮಿಲಿಮೀಟರ್ ಜರಡಿ ಹಿಡಿಯುತ್ತಾರೆ.

ನಾತಕ್ಕೆ ಕಾರಣ ಹೆಚ್ಚಾಗಿ ನೀರು. ತೇವ ಶೇಕಡ 50ರಿಂದ 60ರಷ್ಟಿದ್ದರೆ ಸರಿ. ನಮ್ಮ ಅಡುಗೆಮನೆಯ ಕಸದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಬೆಳೆದು ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಕೊಳೆರಸ ಕೆಳಗಿಳಿದು ಅಂತರ್ಜಲ ಕೆಡಿಸುತ್ತದೆ. ಒಣ ಎಲೆ, ಮರದ ಪುಡಿ ಬೆರೆಸಿದರೆ ಗಾಳಿಯಾಡುತ್ತದೆ. ಮನೆಯಲ್ಲಿ ಸಾರು, ಸಾಂಬಾರನ್ನು ಸೋಸಿ ಚರಟವನ್ನಷ್ಟೇ ಬಕೆಟ್ಟಿಗೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ. ಎಳನೀರು ಬುರುಡೆ ಈ ಅವಧಿಯಲ್ಲಿ ಕರಗದು. ಅದನ್ನು ಬೇರೆಯೇ ಕೊಡಿ.

ಪ್ರಶ್ನೆ: ಯಾವ ಪ್ಲಾಸ್ಟಿಕ್ ನಿಜವಾಗಿ ಮರುಬಳಕೆಯಾಗುತ್ತದೆ?

ಉತ್ತರ: ಕೊಳ್ಳುವವರು ಇರುವುದು. ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೈಯಿಂದಲೇ ಆರಿಸಿ, ಒತ್ತಿ, ಬೇಲ್ ಕಟ್ಟಿ ಮಾರುತ್ತಾರೆ. ಆರಿಸುವವರು ಹೆಚ್ಚಾಗಿ ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು, ಮುಟ್ಟಿ ನೋಡಿಯೇ ಬಗೆ ಹೇಳಬಲ್ಲ ಅವರ ಕೌಶಲಕ್ಕೆ ಸಿಗಬೇಕಾದ ಕೂಲಿ ಇನ್ನೂ ಸಿಕ್ಕಿಲ್ಲ.

ನೀರಿನ ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್ಕಿನದು. ಅದನ್ನು ಚೂರು ಮಾಡಿ ನೀರಿಗೆ ಹಾಕಿದರೆ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹಾಗಾಗಿ ಮುಚ್ಚಳ ತೊಂದರೆಯಲ್ಲ. ತೊಂದರೆ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನದು. ಅದೂ ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗಿಸುವ 250 ಡಿಗ್ರಿಯ ಆಚೀಚೆಗೆ ಪಿವಿಸಿ ಸುಟ್ಟು, ಆಮ್ಲದ ಹೊಗೆ ಬಿಟ್ಟು, ಇಡೀ ಮಾಲನ್ನು ಹಳದಿ ಮಾಡುತ್ತದೆ. ಬಾಟಲಿಯ ಮೈಗೆ ಬಿಗಿಯಾಗಿ ಸುತ್ತಿದ ಹೊದಿಕೆ ಪಿವಿಸಿಯದಿರಬಹುದು, ಇದ್ದರೆ ಕಿತ್ತುಹಾಕಿ.

ಹಾಲಿನ ಪ್ಯಾಕೆಟ್ಟಿಗೆ ಒಳ್ಳೆಯ ಬೇಡಿಕೆಯಿದೆ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಸಣ್ಣ ಚೂರನ್ನು ಯಾರೂ ಆರಿಸಲಾಗದು. ತೊಳೆದು ಒಣಗಿಸಿ ಕೊಡಿ. ಚಿಪ್ಸ್, ಶಾಂಪೂ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ಕೂ ಲೋಹವೂ ಪದರಪದರವಾಗಿ ಅಂಟಿರುವುದರಿಂದ ಬಿಡಿಸುವುದು ದುಬಾರಿ. ಅವು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತವೆ. ಅದು ಮರುಬಳಕೆಯಲ್ಲ, ಸುಡುವುದೇ. ಒದ್ದೆಯಾಗಿದ್ದರೆ ಅದಕ್ಕೂ ಬೇಡ.

ಪ್ರಶ್ನೆ: ಅಂಗಡಿ ಬಿಲ್ಲು, ಪಿಜ್ಜಾ ಡಬ್ಬಿ, ಸ್ಯಾನಿಟರಿ ಪ್ಯಾಡ್?

ಉತ್ತರ: ಜಿಡ್ಡಿಲ್ಲದ ರಟ್ಟನ್ನು ಹರಿದು ಒಣ ಕಸಕ್ಕೆ ಹಾಕಿ, ಜಿಡ್ಡು ಹತ್ತಿದ ಭಾಗವನ್ನು ಚೂರು ಮಾಡಿ ಹಸಿ ಕಸಕ್ಕೆ. ನುಣುಪಾದ ಥರ್ಮಲ್ ಬಿಲ್ಲಿನ ರಾಸಾಯನಿಕ ಲೇಪ ಕಾಗದದ ತಿರುಳಿಗೆ ಸೇರಬಾರದು, ಅದನ್ನು ಮರುಬಳಕೆಯಾಗದ ಕಸದ ಕೆಂಪು ಬಕೆಟ್ಟಿಗೆ ಹಾಕಿ. ಪ್ಯಾಡನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಮಾಡಿ ಬೇರೆಯೇ ಕೊಡಿ. ಗುರುತಿಲ್ಲದಿದ್ದರೆ ಪೌರಕಾರ್ಮಿಕರು ಅದನ್ನು ಬಿಚ್ಚಿ ನೋಡಬೇಕಾಗುತ್ತದೆ.