ಹಕ್ಕಿ ಪ್ರಶ್ನೋತ್ತರ: ಜೋಗಿಮಟ್ಟಿಯ ಮೈಲುತುತ್ತ ಬಣ್ಣದ ಹಕ್ಕಿ

ಪ್ರಶ್ನೆ: ಡಿಸೆಂಬರಿನಲ್ಲಿ ನಮ್ಮೂರ ಪಕ್ಕದ ಜೋಗಿಮಟ್ಟಿ ಕಾಡಿನಲ್ಲಿ ಒಣ ಕೊಂಬೆಯ ತುದಿಗೆ ಗುಬ್ಬಚ್ಚಿ ಗಾತ್ರದ, ಮೈಯೆಲ್ಲ ನೀಲಿಯಾದ ಹಕ್ಕಿ ಕೂತಿತ್ತು. ಗಳಿಗೆಗೊಮ್ಮೆ ಗಾಳಿಗೆ ನೆಗೆದು ವಾಪಸು ಬರುತ್ತಿತ್ತು. ಯಾವ ಹಕ್ಕಿ? ಬೇಸಿಗೆಯಲ್ಲಿ ಹೋದರೆ ಗೂಡು ಕಾಣಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಇದು ನೊಣಹಿಡುಕಗಳ ಗುಂಪಿನ ವರ್ಡಿಟರ್ ಫ್ಲೈಕ್ಯಾಚರ್. ವರ್ಡಿಟರ್ ಎಂಬುದು ತಾಮ್ರದಿಂದ ಮಾಡುತ್ತಿದ್ದ ಹಳೆಯ ಬಣ್ಣದ ಹೆಸರು. ದಾಳಿಂಬೆ ತೋಟಕ್ಕೆ ರೋಗ ತಡೆಯಲು ಬೋರ್ಡೋ ದ್ರಾವಣ ಕಲಸಿದವರಿಗೆ ಇಷ್ಟು ಹೇಳಿದರೆ ಸಾಕು: ಮೈಲುತುತ್ತ (ತಾಮ್ರದ ಸಲ್ಫೇಟ್) ನೀರಿಗೆ ಬಿದ್ದಾಗ ಬರುವ ಹಸಿರು ಬೆರೆತ ನೀಲಿಯೇ ಈ ಹಕ್ಕಿಯ ಬಣ್ಣ. ಗಂಡಿಗೆ ಕಣ್ಣು ಮತ್ತು ಕೊಕ್ಕಿನ ನಡುವೆ ಕಪ್ಪು ಪಟ್ಟಿ ಇರುತ್ತದೆ. ಹೆಣ್ಣಿನ ಬಣ್ಣ ಮಂಕು, ಆ ಜಾಗವೂ ಬೂದು. ನೆರಳಿಗೆ ಸರಿದರೆ ಗಂಡೂ ಬೂದುಬೂದಾಗಿ ಕಾಣುವುದರಿಂದ ಬಿಸಿಲಿಗೆ ಬರುವವರೆಗೆ ಕಾಯಿರಿ.

ಹೆಚ್ಚಿನವರು ತಪ್ಪುವುದು ಟಿಕೆಲ್ಲನ ನೀಲಿ ನೊಣಹಿಡುಕದ ಜತೆ. ಅದಕ್ಕೆ ಎದೆ ಕಿತ್ತಳೆ, ಹೊಟ್ಟೆ ಬಿಳಿ. ಪೊದೆಗಳ ನೆರಳಲ್ಲಿ, ತಗ್ಗಿನಲ್ಲೇ ಓಡಾಟ. ನೀವು ಕಂಡದ್ದು ಎತ್ತರದ ಬಯಲು ಕೊಂಬೆ, ತಂತಿಗಳ ಹಕ್ಕಿ. ನೀಲಗಿರಿ ನೊಣಹಿಡುಕವೂ ಇಡೀ ನೀಲಿಯೇ, ಆದರೆ ಇನ್ನೂ ಗಾಢ. ಬಾಲದ ಬುಡದಲ್ಲಿ ಬಿಳಿ ಮಚ್ಚೆಗಳಿವೆ. ಅದು ಪಶ್ಚಿಮ ಘಟ್ಟದ ಎತ್ತರದ ಕಾಡುಗಳದು.

ಬೇಸಿಗೆಯಲ್ಲಿ ಗೂಡು ಇಲ್ಲಿ ಸಿಗದು. ಅಷ್ಟರಲ್ಲಿ ಹಕ್ಕಿ ಹಿಮಾಲಯದ ಕಾಡು ಸೇರಿರುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಸುಮಾರು 1,200ರಿಂದ 3,000 ಮೀಟರ್ ಎತ್ತರದಲ್ಲಿ ಸಂಸಾರ. ಮಣ್ಣಿನ ದರೆಯ ಪೊಟರೆ, ಸೇತುವೆಯ ಅಡಿ, ಮನೆಯ ಸೂರಿನ ಸಂದಿಯಲ್ಲಿ ಹಾವಸೆಯ ಬಟ್ಟಲು ಕಟ್ಟಿ 3–5 ಮೊಟ್ಟೆ ಇಡುತ್ತದೆ. ಹಾಗಾಗಿ ಇಲ್ಲಿ ಗೂಡುಪೆಟ್ಟಿಗೆ ನೇತುಹಾಕಿ ಪ್ರಯೋಜನವಿಲ್ಲ.

ಅದಕ್ಕೆ ನಮ್ಮಲ್ಲಿ ಬೇಕಾದದ್ದು ಚಳಿಗಾಲದ ಊಟ. ಹಾರುವ ಹುಳುವನ್ನು ದೂರದಿಂದಲೇ ಕಾಣಲು ಎಲೆಯಿಲ್ಲದ ಕೊಂಬೆ ಬೇಕು, ಎದುರಿಗೆ ತೆರಪು ಬೇಕು. ತೋಟದಂಚಿನ ಮರದ ಒಣ ಕೊಂಬೆಯನ್ನು ‘ಸ್ವಚ್ಛ’ ಮಾಡಲೆಂದು ಸವರಿಬಿಟ್ಟರೆ, ಹುಳುಗಳಿದ್ದರೂ ಹಕ್ಕಿಗೆ ಕೂತು ಹೊಂಚುವ ಜಾಗವಿಲ್ಲ. ಯಾರ ತಲೆ ಮೇಲೂ ಬೀಳುವ ಭಯವಿಲ್ಲದಿದ್ದರೆ ದಯವಿಟ್ಟು ಬಿಡಿ. ನೋಡಲು ಹೋಗುವವರು ಬಿಸಿಲು ಮರದ ನೆತ್ತಿಗೆ ತಾಗುವ ಹೊತ್ತಿಗೆ ಅಲ್ಲಿರಿ. ಹುಳುಗಳು ಆಗಲೇ ಏಳುವುದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ, ಮೇಯುವ ಹೊತ್ತು ಹಾಳಾಗುತ್ತದೆ.

ಪ್ರಶ್ನೆ: ಪುಟ್ಟ ನೊಣಹಿಡುಕವೊಂದು ನಮ್ಮ ಕಿಟಕಿ ಗಾಜಿಗೆ ಬಡಿದು ಬಿತ್ತು. ಬಾಯಿಗೆ ನೀರು ಬಿಟ್ಟು, ಅನ್ನ ತಿನ್ನಿಸಲು ನೋಡಿದೆವು. ಸತ್ತುಹೋಯಿತು. ಎಲ್ಲಿ ತಪ್ಪಾಯಿತು?
– ಓದುಗರು, ದಾವಣಗೆರೆ

ಉತ್ತರ: ಪೆಟ್ಟೇ ದೊಡ್ಡದಿದ್ದಿರಬಹುದು, ನಿಮ್ಮನ್ನೇ ದೂರಿಕೊಳ್ಳಬೇಡಿ. ಆದರೆ ನೀರು ಬಿಡಬಾರದಿತ್ತು. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಹನಿಸಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅನ್ನವಂತೂ ಹುಳು ತಿನ್ನುವ ಹಕ್ಕಿಯ ಆಹಾರವೇ ಅಲ್ಲ.

ಮುಂದೆ ಹೀಗಾದರೆ ಮೆತ್ತನೆ ಬಟ್ಟೆಯಲ್ಲಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಬೆಕ್ಕು, ಫ್ಯಾನು, ಮಕ್ಕಳ ಗದ್ದಲ ಇಲ್ಲದ ಕತ್ತಲೆ ಕೋಣೆಯಲ್ಲಿರಲಿ. ಪದೇ ಪದೇ ತೆರೆದು ನೋಡಿದರೆ ಗಾಬರಿಯಲ್ಲೇ ಸೋಲುತ್ತದೆ. ಒಂದೆರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಹೊರಗೆ, ಮರದ ಹತ್ತಿರ ತೆರೆಯಿರಿ. ಹಾರದಿದ್ದರೆ, ರೆಕ್ಕೆ ಜೋತಿದ್ದರೆ, ಪಶುವೈದ್ಯರಿಗೆ ಅಥವಾ ಅರಣ್ಯ ಇಲಾಖೆಗೆ ಒಪ್ಪಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಗಾಜಿನಲ್ಲಿ ಮರ, ಆಕಾಶ ಪ್ರತಿಫಲಿಸಿ ಹಕ್ಕಿಗೆ ದಾರಿಯಂತೆ ಕಾಣುತ್ತದೆ. ಒಂದು ಗಿಡುಗದ ಚಿತ್ರ ಅಂಟಿಸಿದರೆ ಹಕ್ಕಿ ಅದನ್ನು ತಪ್ಪಿಸಿ ಪಕ್ಕದ ಗಾಜಿಗೇ ಬಡಿಯುತ್ತದೆ. ಗಾಜಿನ ಹೊರಮೈಗೆ, ಇಡೀ ಅಗಲಕ್ಕೆ, 5 ಸೆಂಟಿಮೀಟರಿಗೊಂದರಂತೆ ಸುಣ್ಣದ ಚುಕ್ಕಿ ಇಡಿ. ಮಳೆಗೆ ತೊಳೆದುಹೋಗುತ್ತದೆ, ಅಕ್ಟೋಬರ್ ಹೊತ್ತಿಗೆ, ವಲಸೆ ಹಕ್ಕಿಗಳು ಬರುವ ಮುಂಚೆ, ಹೊಸದಾಗಿ ಹಚ್ಚಿ.